ಎಲೆಕ್ಟ್ರಾನಿನ ಸೋಮವಾರದ ಒಪ್ಪತ್ತು

ಎಲೆಕ್ಟ್ರಾನು ಪೂರಾ ಗುಂಡಗ ಐತೋ, ಇಲ್ಲಾ ಒಂಚೂರು ಸೊಟ್ಟ ಐತೋ ಅಂತ ಅಳತಿ ಮಾಡೋ ಕೆಲಸಕ್ಕ ಒಮ್ಮೆ ಇಳದ್ರ ಸಾಕು, ನಗೋ ಪ್ರಸಂಗ ಹುಡುಕ್ಕೊಂಡು ಎಲ್ಲೂ ಹೋಗೂದು ಬ್ಯಾಡ. ಅವೇ ಬಾಗಲಕ್ಕ ಬಂದು ನಿಂದರ್ತಾವ.

ನಾನು ಬೈಲಹೊಂಗಲದ ಕಾಲೇಜಿನಾಗ ಫಿಜಿಕ್ಸ್ ಕಲಸಾಂವ. ನನಗ ಕಲಿಸಿದ ಸರ್ ಒಬ್ಬರು ದೊಡ್ಡ ಊರಾಗ ಜನ್ಮಪೂರ್ತಿ ಇದನ್ನ ಅಳತಿ ಮಾಡ್ಕೋತ ಬಂದಾರ. ಪ್ರತಿ ಸಲಾನೂ ಒಂದ ಉತ್ತರ: ಗುಂಡಗ ಐತಿ. ಸೊಟ್ಟ ಸಿಕ್ಕಿದ್ರ ಜಗತ್ತು ಅವರ ಹೆಸರು ಹೇಳ್ತಿತ್ತು. ಗುಂಡಗ ಇದ್ರ ಯಾರು ಕೇಳ್ತಾರ? ರಿಟೈರ್ ಆಗೋ ಹೊತ್ತಿಗೆ ನನಗ ಫೋನ್ ಮಾಡಿ, "ಕಡೀ ಸಲ ಒಮ್ಮೆ ನೋಡೇಬಿಡೂಣಪಾ. ಈ ಊರಾಗ ಲಿಫ್ಟು, ಮೆಟ್ರೋ ಅಂತ ಬರೇ ಕಬ್ಬಿಣ ಓಡಾಡ್ತೈತಿ, ನನ್ನ ಯಂತ್ರಕ್ಕ ತಲಿ ಕೆಡತೈತಿ. ನಿಮ್ಮ ಕಡೆ ಎಲ್ಲೆರ ಸುಮ್ಮನಿರೋ ಜಾಗಾ ನೋಡು" ಅಂದ್ರು.

ಕಿತ್ತೂರಿಂದ ಒಳಗ, ಹೈವೇದ ಸಪ್ಪಳ ಮುಟ್ಟದಷ್ಟು ದೂರ, ಒಂದು ತ್ವಾಟದ ಮನಿ ಸಿಕ್ತು. ಕಾಳು ಹಾಕೋ ಖೋಲಿ ನಮಗ ಬಿಟ್ಟುಕೊಟ್ರು. ಮನಿ ಯಜಮಾನತಿ ಅವ್ವಾರು, ಆಮ್ಯಾಲ ಅವರ ಮಗ. ಮಗನ್ನ ಎಲ್ಲಾರೂ ಸಾವಕಾರ ಅಂತಿದ್ರು, ಆದ್ರ ಕಬ್ಬಿನ ಟ್ರ್ಯಾಕ್ಟರ್ ಮಾತ್ರ ತಾವೇ ಹೊಡೀತಿದ್ರು. ಕಬ್ಬಿನ ಹಂಗಾಮು ಮುಗಿಯೂದ್ರಾಗ ಸರ್ ಅವರ ನೌಕರಿನೂ ಮುಗೀತಿತ್ತು.

೧. ಕಬ್ಬಿಣದ ಮಡಿ

ಯಂತ್ರದ ಹತ್ರ ಕಬ್ಬಿಣ ಅಲುಗಾಡಬಾರದು ಅನ್ನೂದು ನಮ್ಮ ಮೊದಲನೇ ಕಟ್ಟಳೆ. ಕೀಲಿಕೈ, ಬೆಲ್ಟು, ಕುಡಗೋಲು ಎಲ್ಲಾ ಹೊರಗ ಕಟ್ಟಿ ಮ್ಯಾಲ ಇಟ್ಟು ಒಳಗ ಬರಬೇಕು. ಎಲ್ಲಾರದೂ ಇಡಿಸಿದ್ವಿ. ಆದ್ರೂ ಸರ್ ಒಳಗ ಹೋದಾಗೊಮ್ಮೆ ಯಂತ್ರದ ಗೆರಿ ಕುಣೀತಿತ್ತು. ಹುಡುಕಿ ಹುಡುಕಿ ಸಾಕಾಗಿ ನೋಡಿದ್ರ, ಅವರ ಪ್ಯಾಂಟಿನ ಹುಕ್ಕು! ಸಿಟ್ಟಿಲೆ ಕಿತ್ತಿ ಒಗದ್ರು. ಅವತ್ತಿಂದ ಒಂದು ಕೈಯಾಗ ಯಂತ್ರ, ಇನ್ನೊಂದು ಕೈಯಾಗ ಪ್ಯಾಂಟು.

ಅವ್ವಾರಿಗೆ ನೋಡಾಕಾಗ್ಲಿಲ್ಲ. ಮಗನ ಧೋತರ ತಂದು ಕೊಟ್ಟು, "ಉಟ್ಕೋರಿ ಸರ್ರ. ಇದಕ್ಕ ಹುಕ್ಕೂ ಬ್ಯಾಡ, ಮರ್ಯಾದಿನೂ ಉಳೀತೈತಿ" ಅಂದ್ರು.

ಮುಂದ ಧಾರವಾಡದ ಕಡಿಂದ ಇಬ್ಬರು ಪ್ರೊಫೆಸರು ನಮ್ಮ ಕೆಲಸ ನೋಡಾಕ ಬಂದ್ರು. ಕಟ್ಟಿ ಮ್ಯಾಲ ಧೋತರ ಉಟ್ಕೊಂಡು ಶೇಂಗಾ ಸುಲೀತಿದ್ದ ಸರ್‌ನ ನೋಡಿ, "ಯಜಮಾನ್ರ, ಪ್ರೊಫೆಸರ್ ಸಾಹೇಬ್ರು ಅದಾರೇನ್ರಿ?" ಅಂತ ಕೇಳಿದ್ರು. "ಅದಾರ, ಕುಂತ್ರಿ" ಅಂತ ಸರ್ ಒಳಗ ಹೋದ್ರು. ಮುಖ ತೊಳಕೊಂಡು, ಕೋಟು ಹಾಕ್ಕೊಂಡು ಅದ ಬಾಗಲದಿಂದ ಹೊರಗ ಬಂದ್ರು. ಬಂದವರು ಎದ್ದು ನಿಂತು ಕೈ ಮುಗದ್ರು. ಹೋಗೂಮುಂದ ಅವರಾಗ ಒಬ್ಬರು ನನ್ನ ಕಿವಿಯಾಗ, "ಮೊದಲ ಮಾತಾಡಿಸಿದವರು ಸರ್ ಅವರ ಅಣ್ಣಾರೇನ್ರಿ? ಭಾಳ ಸಾದಾ ಮನಶ್ಯಾ" ಅಂದ್ರು.

೨. ಕನ್ನಡಿ ಒಳಗಿನಾಕಿ

"ಬಾಗಲಾ ಹಾಕ್ಕೊಂಡು ಅಂಥಾದ್ದೇನ್ ನೋಡ್ತೀರಿ ಒಳಗ?" ಅಂತ ಅವ್ವಾರು ಒಂದಿನ ಕೇಳೇ ಕೇಳಿದ್ರು. ಸರ್‌ಗೆ ಕಲಿಸೂದಂದ್ರ ಪ್ರಾಣ. ಗ್ವಾಡಿ ಮ್ಯಾಲಿನ ಕನ್ನಡಿ ಇಳಿಸಿ ಅವರ ಮುಂದ ಹಿಡದ್ರು.

"ಅವ್ವಾರ, ಈ ಕನ್ನಡ್ಯಾಗೂ ಒಂದು ಜಗತ್ತು ಐತಿ ಅಂತ ತಿಳಕೋರಿ. ಎಡಾ ಬಲಾ ಅದಲು ಬದಲು ಆಗೇತಿ, ಅಷ್ಟ. ಆ ಜಗತ್ತೂ ನಮ್ಮ ಹಂಗ ಸುರಳೀತ ನಡೀತೈತೋ ಇಲ್ಲೋ ಅಂತ ನೋಡೂದೂ ನಮ್ಮ ಕಸುಬಿನಾಗ ಬರ್ತೈತಿ."

ಅವ್ವಾರು ಕನ್ನಡಿ ನೋಡಿದ್ರು. ತಮ್ಮ ಬಲಗಡಿ ಹೆಗಲ ಮ್ಯಾಲಿನ ಸೆರಗು ಮುಟ್ಟಿ ನೋಡಿಕೊಂಡು, ಮತ್ತ ಕನ್ನಡಿ ನೋಡಿದ್ರು. ಅಲ್ಲಿದ್ದಾಕಿ ಸೆರಗು ಎಡಕ್ಕ.

"ನಡೀತೈತೋ ಬಿಡತೈತೋ ನಂಗೊತ್ತಿಲ್ರಿ ಸರ್ರ. ಈಕಿ ಮಾತ್ರ ನಮ್ಮ ಕಡಿಯಾಕಿ ಅಲ್ಲ. ಎಡಸೆರಗಿನಾಕಿ, ಬೆಂಗಳೂರ ಕಡಿಯಾಕಿ ಇರಬೇಕು. ಮಾತಾಡ್ಸೂಣಂತ, ಚಾ ಕುಡಸೂಣಂತ. ಬೀಗಸ್ತನ ಬ್ಯಾಡ."

ಸರ್ ಕನ್ನಡಿ ಕೆಳಗಿಟ್ಟು ನನ್ನ ಕಡೆ ನೋಡಿ, "ಅಣುವಿನ ಒಳಗಿನ ಒಂದು ಶಕ್ತಿನೂ ಹಿಂಗ ಮಾಡ್ತೈತಿ. ಎಡಕ್ಕೊಂದು ನ್ಯಾಯ, ಬಲಕ್ಕೊಂದು ನ್ಯಾಯ. ಅದನ್ನ ಒಪ್ಪಿಕೊಳ್ಳಾಕ ದೊಡ್ಡ ದೊಡ್ಡ ವಿಜ್ಞಾನಿಗಳು ಎಷ್ಟು ಒದ್ದಾಡಿದ್ರು! ಇವರು ಚಾ ಕುಡಸೂದ್ರಾಗ ಮುಗಿಸಿಬಿಟ್ರು" ಅಂದ್ರು.

೩. ರಿವರ್ಸ್ ಗೇರು

ತಾಯಿಗೆ ಪಾಠ ಆದ ಮ್ಯಾಲ ಮಗನ ಪಾಳಿ. "ಎಲೆಕ್ಟ್ರಾನ್ ಸೊಟ್ಟ ಇದ್ರ ಏನಾಕ್ಕೈತ್ರಿ?" ಅಂತ ಸಾವಕಾರ ಕೇಳಿದ್ರು.

"ಕಾಲ ಹಿಂದಕ್ಕ ಹೋದ್ರ ನಿಸರ್ಗದ ನಿಯಮ ಬ್ಯಾರೆ ಅಂತ ಆಕ್ಕೈತಿ" ಅಂದ್ರು ಸರ್. "ನಿಮಗ ತಿಳಿಯೂ ಹಂಗ ಹೇಳ್ತೇನಿ. ನಿಮ್ಮ ಟ್ರ್ಯಾಕ್ಟರ್ ಮುಂದಕ್ಕ ಹೋಗೂದನ್ನ ಮೊಬೈಲಿನಾಗ ಹಿಡದು ಉಲ್ಟಾ ಓಡಸ್ರಿ. ರಿವರ್ಸ್ ಬಂದಂಗ ಕಾಣ್ತೈತಿ. ಅದರಾಗ ನಿಯಮ ಮುರಿಯೂದು ಏನೂ ಇಲ್ಲ. ಮುಂದಕ್ಕ ಹೋಗೂದು ಹಿಂದಕ್ಕೂ ಬರ್ತೈತಿ."

"ಡಬಲ್ ಟ್ರೇಲರ್ ಹಚ್ಚಿದ್ರ?"

"ಹಚ್ಚಿದ್ರೂ ಅಷ್ಟ."

ಸಾವಕಾರ ಡಬಲ್ ಟ್ರೇಲರ್ ಕಬ್ಬು ಹೇರ್ಕೊಂಡು ಎಂ.ಕೆ. ಹುಬ್ಬಳ್ಳಿ ಸಕ್ಕರಿ ಫ್ಯಾಕ್ಟರಿಗೆ ಹೊಂಟಿದ್ದ ಟ್ರ್ಯಾಕ್ಟರಿನಿಂದ ಕೆಳಗ ಇಳದು, "ಬರ್ರಿ, ಒಂದೀಟ ಹಿಂದಕ್ಕ ತಗೀರಿ" ಅಂದ್ರು. ಸರ್ ಧೋತರ ಎತ್ತಿ ಕಟ್ಟಿ, ಹತ್ತಿ ಕುಂತು, ಗೇರು ಹಾಕೇಬಿಟ್ರು. ಹಿಂದಿನ ಟ್ರೇಲರು ಒಂದು ದಿಕ್ಕಿಗೆ, ಮುಂದಿನದು ಇನ್ನೊಂದು ದಿಕ್ಕಿಗೆ. ಎರಡೂ ಮಡಚಿಕೊಂಡು ರಸ್ತಾಕ್ಕ ಅಡ್ಡ ಬಿದ್ದು, ಕಬ್ಬೆಲ್ಲಾ ಗಟಾರದ ಪಾಲಾತು. ಹಿಂದ ಬರೋ ಟ್ರ್ಯಾಕ್ಟರೆಲ್ಲಾ ನಿಂತು, "ಯಾವನಲೇ ಅಂವಾ, ಡಬಲ್ ಟ್ರೇಲರ್ ರಿವರ್ಸ್ ತಗದಾಂವ?" ಅಂತ ಡ್ರೈವರುಗಳು ಇಳದು ಬಂದ್ರು.

"ಬೈಬ್ಯಾಡ್ರೋ" ಅಂದ್ರು ಸಾವಕಾರ. "ಸರ್ ಕಾಲ ಹಿಂದಕ್ಕ ತರಾಕ ಹೋಗಿದ್ರು. ಕಬ್ಬು ಅಷ್ಟ ಬಂತು."

೪. ಶಿವನ ವಾರ

ಇನ್ನ ಅಸಲು ಕತಿಗೆ ಬರ್ತೇನಿ. ಯಂತ್ರದಾಗ ಭಾರೀ ವೋಲ್ಟೇಜು. ಅದರ ದಿಕ್ಕು ಕೆಲವು ನಿಮಿಷಕ್ಕೊಮ್ಮೆ ತಿರುವಿ ಹಾಕ್ತಿದ್ವಿ. ಈ ದಿಕ್ಕಿನ ಅಳತಿಗೂ ಆ ದಿಕ್ಕಿನ ಅಳತಿಗೂ ಫರಕು ಬಂತಂದ್ರ ಎಲೆಕ್ಟ್ರಾನ್ ಸೊಟ್ಟ. ಯಾವ ದಿಕ್ಕು ನಡದೈತಿ ಅಂತ ಹೊರಗಿನಿಂದನ ತಿಳೀಲಿ ಅಂತ ಬಾಗಲದ ಮ್ಯಾಲ ದೀಪ ಹಾಕಿಸಿದ್ವಿ. ಈ ದಿಕ್ಕಿಗೆ ಹಸರು, ಆ ದಿಕ್ಕಿಗೆ ಕೆಂಪು.

ಎಮ್ಮಿ ಸರಪಳಿ ಎಳದ್ರ, ಯಾರರ ಕೊಡ್ಲಿ ಹೊತ್ಕೊಂಡು ಹೋದ್ರ ನಮಗ ಚಿಂತಿ ಇರ್ಲಿಲ್ಲ. ಒಮ್ಮೆ ಹಸರಿನಾಗ, ಒಮ್ಮೆ ಕೆಂಪಿನಾಗ, ಕಡೀಕ ಎರಡೂ ಕೂಡಿ ಸರಿ ಹೋಗ್ತೈತಿ. "ನಮಗ ಮೋಸ ಆಗಬೇಕಂದ್ರ ಯಾರರ ಆ ದೀಪಾನ ನೋಡ್ಕೋತ ಕಬ್ಬಿಣ ಎತ್ತಿ ಇಳಿಸಬೇಕು. ಅಂಥಾ ಹುಚ್ಚ ಯಾರದಾನ ಇಲ್ಲಿ?" ಅಂತ ಸರ್ ನಗ್ತಿದ್ರು.

ದೀಪ ಹಾಕಿಸಿದ ಮ್ಯಾಲ ಬಂತು ನೋಡ್ರಿ, ಫರಕು! ದಿನಾ ಬಂತು. ಮುಂಜಾನೆ ಅಷ್ಟ ಬರ್ತಿತ್ತು, ಊಟದ ಹೊತ್ತಿಗೆ ಹೋಗಿಬಿಡ್ತಿತ್ತು. ಸರ್ ಲೆಕ್ಕದ ಹಾಳಿ ಹಿಡಕೊಂಡು ನನ್ನ ಕಡೆ ಓಡಿಬಂದ್ರು. "ಮುಂಜಾನೆ ಅಷ್ಟ ಅಂದ್ರ, ಭೂಮಿ ತಿರುಗಿದಂಗ ಬದಲಾಗಾಕ ಹತ್ತೈತಿ ಅಂತ ಅರ್ಥಪಾ. ಇಡೀ ವಿಶ್ವಕ್ಕ ಒಂದು ದಿಕ್ಕು ಐತಿ!" ಹಳೇ ದೋಸ್ತರಿಗೆ ಫೋನ್ ಮಾಡಿದ್ರು. ದೊಡ್ಡ ಸಭಾದಾಗ ಭಾಷಣ ಮಾಡ್ರಿ ಅಂತ ಕರೀನೂ ಬಂತು. ಭಾಷಣಕ್ಕಂತ ಬೈಲಹೊಂಗಲದಿಂದ ನನ್ನ ಕೈಲೆ ಹೊಸಾ ಅಂಗಿ ತರಿಸಿದ್ರು. ಅವರ ಮುಖದ ಮ್ಯಾಲ ಅಂಥಾ ಖುಷಿ ನಾನು ಎಂದೂ ನೋಡಿರ್ಲಿಲ್ಲ.

ನನ್ನ ಕಣ್ಣಿಗೆ ಮಾತ್ರ ಒಂದು ಸುಳಿವು ಬಿತ್ತು. ಸೋಮವಾರ ಫರಕು ಇಲ್ಲ. ಹಿಂದಿನ ಸೋಮವಾರನೂ ಇಲ್ಲ, ಅದರ ಹಿಂದಿಂದೂ ಇಲ್ಲ. ಸರ್‌ಗೆ ತೋರಿಸಿದೆ.

"ಸೂರ್ಯ ಚಂದ್ರರಿಗೇ ವಾರ ಗೊತ್ತಿಲ್ಲ. ಎಲೆಕ್ಟ್ರಾನಿಗೆ ಸೋಮವಾರ ಅಂತ ಯಾರು ಹೇಳಿದ್ರು?" ಅಂತ ಸರ್ ತಲಿ ಹಿಡಕೊಂಡು ಕುಂತ್ರು.

ಕಟ್ಟಿ ಮ್ಯಾಲ ಎಲಿ ಅಡಕಿ ಹಾಕ್ಕೋತಿದ್ದ ಸಾವಕಾರ ಅಂದ್ರು: "ಶಿವನ ವಾರ ಅಲ್ಲೇನ್ರಿ? ಒಪ್ಪತ್ತು ಹಿಡದಿರಬೇಕು."

೫. ಹಸರು ದೀಪ

ಎಲ್ಲಾರೂ ನಕ್ವಿ. ನನಗ ಮಾತ್ರ ಆ ಮಾತು ಮನಸಿನಾಗ ಕುಂತುಬಿಡ್ತು. ಯಾಕಂದ್ರ ಆ ಮನ್ಯಾಗ ಒಪ್ಪತ್ತು ಹಿಡೀತಿದ್ದವರು ಅವ್ವಾರು. ಸೋಮವಾರ ಮುಂಜಾನೆ ಅವರು ಒಲಿ ಹಚ್ಚೂದಿಲ್ಲ, ಸಂಜೀಕ ಅಷ್ಟ ಊಟ. ಅವತ್ತು ನಮಗೂ ರೊಟ್ಟಿ ಇಲ್ಲ, ಕಿತ್ತೂರಿನ ಹೋಟೆಲೇ ಗತಿ.

ಮಂಗಳವಾರ ಮುಂಜಾನೆ ಮಜ್ಜಿಗಿ ಕೇಳೋ ನೆವಾ ಮಾಡಿ ಅಡಗಿಮನಿಗೆ ಹ್ವಾದೆ. ಅಡಗಿಮನಿ ಅಂದ್ರ ನಮ್ಮ ಖೋಲಿಯ ಬಾಜೂ ಗ್ವಾಡಿಗೆ ಹತ್ತಿಕೊಂಡೇ ಇತ್ತು. ಕಿಡಕ್ಯಾಗಿಂದ ನಮ್ಮ ದೀಪ ಕಾಣ್ತಿತ್ತು. ದೀಪ ಹಸರು. ಅವ್ವಾರು ಕಬ್ಬಿಣದ ಹಂಚು ಒಲಿ ಮ್ಯಾಲ ಇಟ್ಟು, ಪಟಪಟ ರೊಟ್ಟಿ ಬಡದು ಬೇಯಿಸಿದ್ರು. ದೀಪ ಕೆಂಪಗಾತು. ತಟ್ಟನ ಅರಿವಿ ಹಿಡದು ಆ ಸುಡೂ ಹಂಚು ಎತ್ತಿಕೊಂಡು ಹಿತ್ತಲದ ಆ ತುದಿಗೆ ಹೋಗಿ ಇಟ್ಟು ಬಂದ್ರು. ಬೆವರು ಒರಸ್ಕೊಂಡು ಕುಂತ್ರು. ಹಸರಾತು. ಮತ್ತ ಹೋಗಿ ಹಂಚು ತಂದ್ರು.

"ಅವ್ವಾರ, ಏನ್ ಮಾಡಾಕ ಹತ್ತೀರಿ?"

"ಕಾಣ್ಸೂದಿಲ್ಲೇನ್ರಿ? ಕೆಂಪು ಬಿದ್ರ ನಿಂದ್ರಬೇಕು, ಹಸರು ಬಿದ್ರ ನಡೀಬೇಕು. ಸಾಲಿ ಹುಡುಗರಿಗೂ ಗೊತ್ತೈತಿ. ಕಬ್ಬಿಣ ಅಲುಗಾಡಬಾರದು ಅಂತ ನೀವ ಹೇಳೀರಲ್ಲ, ದೀಪಾನೂ ಹಾಕೀರಿ. ರೊಟ್ಟಿ ತಡಾ ಆಗ್ತಾವಂತ ಮಗ ಒದರ್ತಾನ, ಒದರ್ಲಿ. ಪರಸ್ಥಳದವರು ಬಂದೀರಿ, ನಿಮ್ಮ ಕೆಲಸ ಕೆಡಬಾರ್ದು."

ಅಳಬೇಕೋ ನಗಬೇಕೋ ತಿಳೀಲಿಲ್ಲ. ಹಿಂಥಾ ಸುದ್ದಿ ಸರ್‌ಗೆ ಯಾವ ಬಾಯಿಲೆ ಹೇಳ್ಲಿ? ಹೇಳಿದೆ. ಅವರು ಕಟ್ಟಿ ಮ್ಯಾಲ ಹೋಗಿ ಕುಂತ್ರು. ಹೊಸಾ ಅಂಗಿ ಅಲ್ಲೇ ಬಾಜೂಕ ಕವರಿನಾಗ ಹಂಗ ಇತ್ತು.

ಅಷ್ಟೊತ್ತಿಗೆ ಅವ್ವಾರು ತಾಟಿನಾಗ ರೊಟ್ಟಿ, ಪುಂಡಿಪಲ್ಯ ಹಾಕ್ಕೊಂಡು ಬಂದ್ರು. "ಯಾಕ ಸರ್ರ, ಮುಖ ಸಣ್ಣ ಮಾಡೀರಿ?" ನಾನೇ ಬಿಡಿಸಿ ಹೇಳಿದೆ: ನಿಮ್ಮ ಹಂಚು ದೀಪದ ಜೋಡಿ ಎದ್ದು ಇಳದು, ಎಲೆಕ್ಟ್ರಾನ್ ಸೊಟ್ಟ ಇದ್ದಂಗ ಕಾಣಿಸೇತ್ರಿ.

"ಯವ್ವಾ ಶಿವನ!" ಅಂತ ಅವ್ವಾರು ಸೆರಗು ಬಾಯಿಗೆ ಇಟ್ಕೊಂಡ್ರು. ತಾಟು ಸರ್ ಮುಂದ ಇಟ್ಟು, "ಹಂಗಾರ ಅದು ಗುಂಡಗ ಐತಿ ಅಂದಂಗಾತು?" ಅಂದ್ರು.

"ಹೌದ್ರಿ ಅವ್ವಾರ. ಗುಂಡಗ ಐತಿ" ಅಂದ್ರು ಸರ್. "ಗುಂಡಗ ಇದ್ರ ಯಾರೂ ಕೇಳೂದಿಲ್ಲ, ಅಷ್ಟ."

"ಅದಕ್ಯಾಕ ಬ್ಯಾಸರ? ನಾ ರಾಮದುರ್ಗದಿಂದ ಲಗ್ನಾಗಿ ಈ ಮನಿಗೆ ಬಂದಾಗಿಂದ ಗುಂಡಗ ರೊಟ್ಟಿ ಬಡೀತೇನಿ. ಒಂದಿನರ ಯಾರರ ಗುಂಡಗ ಅದಾವ ಅಂದಾರೇನು ಕೇಳ್ರಿ. ಒಂದ ಒಂದು ಸೊಟ್ಟ ಆಗ್ಲಿ, ಮನಿ ಮಂದಿಯೆಲ್ಲಾ ಎತ್ತಿ ಹಿಡದು ನೋಡ್ತಾರ."

ಸರ್ ಅವ್ವಾರ ಮುಖಾನ ನೋಡಿದ್ರು. ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ರು. ನಕ್ಕು ನಕ್ಕು ಕಣ್ಣಾಗ ನೀರು ಬಂತು, ಧೋತರದ ಚುಂಗಿಲೆ ಒರಸ್ಕೊಂಡ್ರು. ತಾಟು ಎಳಕೊಂಡು, ಮುರದು ತಿನ್ನಬೇಕಂತ ಮ್ಯಾಲಿನ ರೊಟ್ಟಿ ಕೈಯಾಗ ತಗೊಂಡವರು ಹಂಗ ನಿಂತ್ರು. ಬೆಳಕಿಗೆ ಹಿಡದು ಆ ಕಡೆ ಈ ಕಡೆ ತಿರುವಿ ನೋಡಿದ್ರು.

"ಅವ್ವಾರ, ತಪ್ಪು ತಿಳ್ಕೋಬ್ಯಾಡ್ರಿ. ಇದು ಸೊಟ್ಟ ಐತಲ್ರಿ?"

ಅವ್ವಾರು ಬಾಗಿ ನೋಡಿದ್ರು.

"ಐತ್ರಿ ಸರ್ರ. ಅದನ್ನ ಹಂಚಿಗೆ ಹಾಕೂದ್ರಾಗ ನಿಮ್ಮ ದೀಪ ಕೆಂಪಗಾತು."