ಲೇತಿನ ಹೊಟ್ಟೆಯ ಕುಂಕುಮ

ನನಗೆ ಬೆರಗಾಗುವ ಅಭ್ಯಾಸವಿಲ್ಲ. ದಸರಾದಲ್ಲಿ ಅರಮನೆಗೆ ದೀಪ ಹಾಕಿದ ಕ್ಷಣ ಸುತ್ತಲಿನ ಜನವೆಲ್ಲ ಬಾಯಿ ತೆರೆದು ನಿಂತರೆ, ನಾನು ಆ ಬೆಳಕಿನಲ್ಲಿ ಕಾಲಿಂದ ಕಳಚಿಹೋದ ಚಪ್ಪಲಿ ಹುಡುಕಿಕೊಂಡವಳು. ಮೊಮ್ಮಗಳು ಹುಟ್ಟಿದಾಗ ಎಲ್ಲರೂ ಮೂಗು ಅವರದು, ಕಣ್ಣು ಇವರದು ಎಂದು ಹಂಚಿಕೊಳ್ಳುತ್ತಿದ್ದರು. ನನಗೆ ಅದು ಎಲ್ಲ ಕೂಸುಗಳ ಹಾಗೆ ಕೆಂಪಗೆ, ಸುಕ್ಕುಸುಕ್ಕಾಗಿ ಕಂಡಿತು, ಹಾಗೆಂದು ಹೇಳಿಯೂಬಿಟ್ಟೆ. ಸೊಸೆ ಸುಧಾ ಅದನ್ನಿನ್ನೂ ಮರೆತಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಈಗ ಪೆನ್ನು ಹಿಡಿದು ಕೂತಿರುವುದು, ಇಷ್ಟು ವಯಸ್ಸಾದ ಮೇಲೆ ಒಂದು ಹಳೆಯ ಮೆಷಿನಿನ ಮುಂದೆ ನಾನೂ ಬಾಯಿ ತೆರೆದು ನಿಂತದ್ದಕ್ಕೆ.

ನಮ್ಮ ಯಜಮಾನರು ಬಸ್ ಡ್ರೈವರಾಗಿದ್ದವರು. ರಿಟೈರಾದ ಮೇಲೆ ಓಡಿಸಲು ಅವರಿಗೆ ಉಳಿದದ್ದು ನಾನೊಬ್ಬಳೇ. ಒಲೆಯ ಮುಂದೆ ನಿಂತರೆ ಹಿಂದೆಯೇ ಬಂದು, "ಸಾಸಿವೆ ಸಿಡೀತು ನೋಡು, ಕರಿಬೇವು ಹಾಕು," ಎಂದು ಕಂಡಕ್ಟರ್ ಸ್ಟಾಪು ಕೂಗಿದ ಹಾಗೆ ಕೂಗುವರು. ಆಗಲೇ ಬೋಗಾದಿಯಲ್ಲಿ ಮಂಚದ ಕಾಲು ಕಡೆಯುತ್ತಿದ್ದವರೊಬ್ಬರು, ಅಂಗಡಿಯ ಜಾಗದಲ್ಲಿ ಹುಡುಗಿಯರ ಪಿಜಿ ಎದ್ದದ್ದರಿಂದ, ಮರ ಕಡೆಯುವ ತಮ್ಮ ಮೆಷಿನು ಲೇತನ್ನು ಮಾರುತ್ತಿದ್ದರು. ಇವರು ಗೂಡ್ಸ್ ಆಟೋದಲ್ಲಿ ಅದನ್ನು ಹೇರಿಕೊಂಡು ಬಂದು, ಹಿತ್ತಲಲ್ಲಿ ನಾನು ಪಾತ್ರೆ ತೊಳೆಯುವ ಜಾಗದ ಪಕ್ಕಕ್ಕೇ ಇಳಿಸಿದರು. ನನ್ನ ಜಾಗ ಅರ್ಧ ಹೋಯಿತು ಎಂದು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಸ್ವಿಚ್ಚು ಹಾಕಿದರು.

ಅದನ್ನು ಹೇಗೆ ಹೇಳುವುದೋ ತಿಳಿಯದು. ಎರಡು ಮೊಳೆಗಳ ನಡುವೆ ಸಿಕ್ಕಿಸಿದ್ದ ಚೌಕದ ಮರದ ತುಂಡು ತಿರುಗತೊಡಗಿತು. ತಿರುಗುತ್ತ ತಿರುಗುತ್ತ ಮರ ಕಾಣದಾಯಿತು, ಅದರ ನೆರಳಿನಂಥದ್ದೊಂದು ಗಾಳಿಯಲ್ಲಿ ನಿಂತಿತು. ಇವರು ಉಳಿ ತಾಕಿಸಿದರು. ಹೆರೆದ ಸುರುಳಿಗಳು ಹೋಳಿಗೆ ಹಾಳೆಯಷ್ಟು ತೆಳ್ಳಗೆ ಎದ್ದು ನನ್ನ ಸೆರಗಿನ ಮೇಲೆಲ್ಲ ಬಿದ್ದವು. ನಿಲ್ಲಿಸಿದಾಗ ನೋಡಿದರೆ ತುಂಡು ದುಂಡಗಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಹಂಚಿನ ಕಾಲಕ್ಕೂ ಮುಂಚಿನ ಯಾವುದೋ ಮನೆಯ ತೊಲೆಯ ತುಂಡು ಅದು ಎಂದರು ಇವರು. ಅದರೊಳಗೆ ಇಷ್ಟು ವರ್ಷ ಈ ಬಣ್ಣ, ಈ ವಾಸನೆ ಮುಚ್ಚಿಕೊಂಡು ಕೂತಿತ್ತೇ ಎನಿಸಿ ಬೈಯುವುದು ಮರೆತೇಹೋಯಿತು. ಮೈಮರೆತವಳ ಸಾರು ಒಲೆಯ ಮೇಲೆ ಸೀದಿತು. ಕರೆಂಟು ಕಡಿಮೆ ಬಂತು ಎಂದೆ. ಸಾರು ಇದ್ದದ್ದು ಗ್ಯಾಸಿನ ಮೇಲೆ.

ತೊಂದರೆ ಶುರುವಾದದ್ದು ಆಮೇಲೆ. ಉಳಿಯನ್ನು ಊರಿ ಹಿಡಿಯಲು ಲೇತಿನ ಮುಂದೆ ಒಂದು ಕಬ್ಬಿಣದ ಆಸರೆ ಇದೆ. ಅದನ್ನು ಬೇಕಾದಲ್ಲಿಗೆ ಸರಿಸಿ ಹಿಡಿಯನ್ನು ತಿರುಗಿಸಿದರೆ ಕೆಳಗಿನ ಕ್ಲ್ಯಾಂಪು ಕಚ್ಚಿಕೊಳ್ಳಬೇಕು. ನಮ್ಮದು ಮುನಿದ ಬೀಗರ ಹಾಗೆ. ಸರಿಯಬೇಕೆಂದಾಗ ಜಪ್ಪಯ್ಯ ಎಂದರೂ ಸರಿಯದು; ಬಿಗಿಯಿತು ಎಂದು ನಂಬಿದಾಗ ಜಾರುವುದು. ನನಗೆಂದು ಲಟ್ಟಣಿಗೆ ಕಡೆಯಲು ಕೂತ ದಿನ ಆಸರೆ ಜಾರಿ, ಉಳಿ ಇವರ ಕೈಯಿಂದ ಎಗರಿ ನೀರಿನ ತೊಟ್ಟಿಗೆ ಬಡಿಯಿತು. ಹೆಬ್ಬೆರಳು ಉಳಿದದ್ದು ಕೂದಲೆಳೆಯಲ್ಲಿ.

"ಏನಾಗಿಲ್ಲ ಬುಡೇ," ಎಂದರು. "ಬ್ರೇಕ್ ಹೋದ ಬಸ್ಸನ್ನೇ ಘಾಟೀಲಿ ಇಳಿಸಿದೀನಿ."

"ಇಳ್ಸಿರ್ಬೋದು ಕಣ್ರೀ. ಆಗ ನಿಮ್ ಬೆರಳು ಚಕ್ರದ ಹತ್ರ ಇರ್ಲಿಲ್ಲ. ಆಯುಧಪೂಜೆ ಒಳಗೆ ಇದು ನೆಟ್ಟಗೆ ಕಚ್ಲಿಲ್ಲ ಅಂದ್ರೆ ಗುಜರಿಯವನನ್ನ ಕರೀತೀನಿ, ಅಷ್ಟೆ."

ನಾನು ಹೇಳಿದರೆ ಮಾಡುವವಳು. ಅದು ಇವರಿಗೂ ಗೊತ್ತು, ನನಗೂ ಗೊತ್ತು. ಆದ್ದರಿಂದಲೇ ಇಬ್ಬರಿಗೂ ಭಯವಾಯಿತು. ಇವರು ಎಣ್ಣೆ ಬಿಟ್ಟರು, ಗ್ರೀಸು ಮೆತ್ತಿದರು, ಸುತ್ತಿಗೆಯಿಂದ ಕುಟ್ಟಿದರು. ಎಣ್ಣೆಗೆ ಮರದ ಪುಡಿ ಕೂತು ಕ್ಲ್ಯಾಂಪು ಇನ್ನಷ್ಟು ಮುನಿಯಿತು. ಸುಧಾ ಬಾಗಿಲಲ್ಲಿ ನಿಂತು, "ಅತ್ತೆ, ಹೋದ್ರೆ ಹೋಗ್ಲಿ ಬುಡಿ, ನಿಮ್ ಜಾಗ ನಿಮಗೆ ವಾಪಸ್ ಸಿಗುತ್ತೆ," ಎಂದಳು. ನನ್ನ ಮುಖ ನೋಡಿ, "ಅಯ್ಯೋ, ನಿಮಗೇ ಅದು ಬೇಕು," ಎಂದು ನಕ್ಕಳು. ತಿಕ್ಕುತ್ತಿದ್ದ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ.

ಕುಕ್ಕಿದ ಪಾತ್ರೆ ಉರುಳಿ ಲೇತಿನ ಅಡಿಗೆ ಹೋಯಿತು. ತೆಗೆಯಲು ಬಗ್ಗಿ ತಲೆ ಎತ್ತಿದವಳು ಹಾಗೆಯೇ ಕೂತುಬಿಟ್ಟೆ. ಲೇತಿನ ಹೊಟ್ಟೆಯೆಲ್ಲ ಕೆಂಪು. ತುಕ್ಕಲ್ಲ. ಉಗುರಿನಿಂದ ಕೆರೆದು ಮೂಸಿದೆ: ಕುಂಕುಮ.

ಪ್ಲಗ್ಗು ಕೀಳಿಸಿ, ದೋಸೆ ಮಗಚುವ ಕೈ ತಂದು ಕೆರೆಯತೊಡಗಿದೆ. ಕುಂಕುಮದ ಕೆಳಗೆ ವಿಭೂತಿ, ವಿಭೂತಿಯ ಕೆಳಗೆ ಅರಿಸಿನ, ಅದರ ಕೆಳಗೆ ಮತ್ತೆ ಕುಂಕುಮ. ಎಣ್ಣೆ, ಮರದ ಪುಡಿ ಸೇರಿ ಎಲ್ಲ ಗಾರೆಯ ಹಾಗೆ ಗಟ್ಟಿ; ಕ್ಲ್ಯಾಂಪು ಇಷ್ಟು ದಿನ ಕಚ್ಚುತ್ತಿದ್ದದ್ದು ಕಬ್ಬಿಣವನ್ನಲ್ಲ, ಇದನ್ನು. ಬೋಗಾದಿಯವರು ಆಯುಧಪೂಜೆ ಆಯುಧಪೂಜೆಗೂ ಹಚ್ಚುತ್ತಲೇ ಬಂದಿದ್ದರು, ಒಂದು ಸಲವೂ ತೊಳೆದಿರಲಿಲ್ಲ. ಮರದ ಒಳಗೆ ವರ್ಷ ವರ್ಷದ ಸುತ್ತು ಇರುತ್ತದಲ್ಲ, ಹಾಗೆ ಆ ಕಬ್ಬಿಣದ ಮೈಮೇಲೆ ಹಬ್ಬಗಳು ಒಂದರ ಮೇಲೊಂದು ಕೂತಿದ್ದವು. ಕೆರೆಯುವ ಕೈ ತಾನಾಗಿ ಮೆಲ್ಲಗಾಯಿತು.

ಕೊನೆಗೆ ಕಬ್ಬಿಣ ಬೆಳ್ಳಗೆ ಕಂಡಿತು. ಇವರು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಮತ್ತೆ ಎಣ್ಣೆ ಡಬ್ಬಿಗೆ ಕೈ ಹಾಕಿದರು. "ಎಣ್ಣೆ ಮುಟ್ಟೀರ," ಎಂದು ಮೇಣದಬತ್ತಿ ಕೊಟ್ಟೆ. ಬೀರುವಿನ ಡ್ರಾಯರು ಹಿಡಿದುಕೊಂಡರೆ ನಾನು ಉಜ್ಜುವುದು ಅದನ್ನೇ. ಅದಕ್ಕೆ ಧೂಳು ಕೂರುವುದಿಲ್ಲ. ಉಜ್ಜಿದ ಮೇಲೆ ಆಸರೆ ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಹಿಡಿ ತಿರುಗಿಸಿದರೆ ಟಕ್ಕೆಂದು ಕಚ್ಚಿತು. ಇವರು ಇಡೀ ಮೈಭಾರ ಹಾಕಿ ದಬ್ಬಿದರು. ಅಲ್ಲಾಡಲಿಲ್ಲ. ಸಂಜೆಯೊಳಗೆ ಲಟ್ಟಣಿಗೆಯಾಯಿತು, ಹತ್ತು ಬೆರಳೂ ಉಳಿದವು.

ಆಯುಧಪೂಜೆಯ ಬೆಳಿಗ್ಗೆ ನಾನು ತಟ್ಟೆ ಹಿಡಿದು ಬಂದಾಗ ಇವರು ಲೇತಿಗೆ ಅಡ್ಡ ನಿಂತರು. "ಮೋಟರ್ ಮೇಲೆ ಎಷ್ಟಾದ್ರೂ ಇಡು. ಕೆಳಗೆ ಮಾತ್ರ ಬೇಡ ಕಣೇ, ಕೈ ಮುಗೀತೀನಿ."

"ನನಗೆ ಹೇಳಿಕೊಡೋದಕ್ಕೆ ಬಂದ್ರು," ಎಂದು ಮೋಟರಿನ ನೆತ್ತಿಗೆ ಬೊಟ್ಟಿಟ್ಟೆ. ಇವರು ಬೂದುಗುಂಬಳ ಒಡೆಯಲು ಗೇಟಿನ ಹತ್ತಿರ ಹೋದರು. ಹೊಸದಾಗಿ ಹೊಳೆಯುತ್ತಿದ್ದ ಕ್ಲ್ಯಾಂಪು ನನ್ನನ್ನೇ ನೋಡುತ್ತಿತ್ತು. ಬೋಗಾದಿಯವರಿಗೆ ಬುದ್ಧಿ ಇರಲಿಲ್ಲವೇ ಎಂದು ಅಷ್ಟು ದಿನ ಬೈದವಳಿಗೆ ಆಗ ಹೊಳೆಯಿತು: ಇಡೀ ವರ್ಷ ಅವರ ಕೈ ಉಳಿಸಿಕೊಟ್ಟದ್ದು ಮೋಟರಲ್ಲ, ಈ ಕ್ಲ್ಯಾಂಪು. ಸುತ್ತ ನೋಡಿ, ಬಗ್ಗಿ, ಸಣ್ಣದೊಂದು ಬೊಟ್ಟಿಟ್ಟೆ. ಯಾರೂ ನೋಡಲಿಲ್ಲ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಕಾವಲಿಗೆ ಹಿಟ್ಟು ಹೊಯ್ದು ನೋಡಿದರೆ ಮಗಚುವ ಕೈ ಇಲ್ಲ. ಅಡುಗೆಮನೆಯೆಲ್ಲ ಹುಡುಕಿ ಹಿತ್ತಲಿಗೆ ಹೋದೆ. ಲೇತಿನ ಕೆಳಗಿನ ಮರದ ಸ್ಟ್ಯಾಂಡಿಗೆ ಇವರು ಹೊಸದೊಂದು ಮೊಳೆ ಹೊಡೆದು, ಅದಕ್ಕೆ ನೇತುಹಾಕಿದ್ದರು. ಅದರ ಹಿಡಿಗೆ ಒಂದು ಕುಂಕುಮದ ಬೊಟ್ಟು. ನಿನ್ನೆ ನಾನು ಬಗ್ಗಿದ್ದನ್ನು ನೋಡಿಬಿಟ್ಟಿದ್ದರು. ಅಷ್ಟರಲ್ಲಿ ದೋಸೆ ಸೀದಿತು.