ಯಾರನ್ನೂ ನಂಬದ ದೊಡ್ಡಮ್ಮ

ನಮ್ಮ ದೊಡ್ಡಮ್ಮನಷ್ಟು ಅನುಮಾನದ ಹೆಂಗಸು ಇಡೀ ತುಮಕೂರು ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ. ಬೇಕಾದರೆ ಬಾಜಿ ಕಟ್ಟುತ್ತೇನೆ! ಸಾಕ್ಷಾತ್ ದೇವರೇ ಎದುರಿಗೆ ಬಂದು ವರ ಕೇಳು ಅಂದರೂ, ಮೊದಲು ಗುರುತಿನ ಚೀಟಿ ತೋರಿಸಪ್ಪ ಅನ್ನುವ ಪೈಕಿ. ಅಂಥವಳ ಮನೆಯಲ್ಲಿ ಇದ್ದುಕೊಂಡು ನಾನು ಡಿಗ್ರಿ ಮುಗಿಸಿದ್ದೇನೆ. ನನ್ನ ತಾಳ್ಮೆಗೆ ಯಾರಾದರೂ ಒಂದು ಶಾಲು ಹೊದಿಸಬೇಡವೇ?

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಕುಣಿಗಲ್ಲಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಮಂಡಿನೋವಿನಿಂದಾಗಿ ಬೇಗನೆ ನಿವೃತ್ತಿ ತಗೊಂಡು, ಅಂತರಸನಹಳ್ಳಿಯ ಫ್ಯಾಕ್ಟರಿಗೆ ಹೋಗಿಬರುತ್ತಿದ್ದ ದೊಡ್ಡಪ್ಪನ ಜೊತೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದ್ದಳು. ನಮ್ಮದು ಗುಬ್ಬಿ ಕಡೆಯ ಹಳ್ಳಿ, ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಹಾಸ್ಟೆಲ್ ಅಂದರೆ ಅಪ್ಪನಿಗೆ ಭಯ. ದೊಡ್ಡಮ್ಮನ ಮನೆಯಲ್ಲಿ ನನ್ನ ಟ್ರಂಕು ಇಳಿಸಿದವನೇ, "ಇವಳ ಬಗ್ಗೆ ಒಂದೇ ಒಂದು ಮಾತು ನನ್ನ ಕಿವಿಗೆ ಬಿದ್ರೂ ಅವತ್ತಿಗೆ ಓದು ಸಾಕು" ಅಂದು ಬಸ್ಸು ಹತ್ತಿದ. ಅವನು ಹೇಳಿದ್ದನ್ನು ಮಾಡುವ ಮನುಷ್ಯ.

ದೊಡ್ಡಮ್ಮನ ಅನುಮಾನ ಹುಟ್ಟಿನಿಂದ ಬಂದದ್ದೇ ಇರಬಹುದು. ಆದರೆ ಅದಕ್ಕೊಂದು ಶಾಸ್ತ್ರದ ಬಲ ಸಿಕ್ಕಿದ್ದು, ಪಿಂಚಣಿದಾರರಿಗಾಗಿ ನಡೆದ ಸೈಬರ್ ಜಾಗೃತಿ ಶಿಬಿರವೊಂದಕ್ಕೆ ಅವಳು ಹೋಗಿಬಂದ ಮೇಲೆ. ಮಿಕ್ಕವರು ಅಲ್ಲಿ ಉಪ್ಪಿಟ್ಟು ತಿಂದು ಬಂದರು, ಇವಳು ದೀಕ್ಷೆ ತಗೊಂಡು ಬಂದಳು! ಮಾರನೆಯ ದಿನವೇ ಮನೆಯ ಎಲ್ಲ ಫೋನುಗಳ ಕ್ಯಾಮೆರಾಗಳಿಗೂ ಬಿಂದಿ ಅಂಟಿತು. ನನ್ನ ಫೋನಿಗೆ ಕೆಂಪು, ದೊಡ್ಡಪ್ಪನದಕ್ಕೆ ಮೆರೂನ್. ಪಾಪ, ದೊಡ್ಡಪ್ಪ ಫ್ಯಾಕ್ಟರಿಯಲ್ಲಿ ಫೋನು ತೆಗೆದಾಗಲೆಲ್ಲ ಪಕ್ಕದವರು ನಮಸ್ಕಾರ ಮಾಡುತ್ತಿದ್ದರಂತೆ. ವೈಫೈ ಪಾಸ್‌ವರ್ಡನ್ನು ಅವಳು ಆಗಾಗ ಬದಲಾಯಿಸಿ, ನನ್ನನ್ನು ಮಹಡಿಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಹೇಳುತ್ತಿದ್ದಳು. ದೊಡ್ಡಪ್ಪನಿಗೆ ಅದೂ ಇಲ್ಲ. ಯಾರಾದರೂ ಒಂದು ಲೋಟ ಕಾಫಿ ಕುಡಿಸಿದರೆ ಆ ಮನುಷ್ಯ ಹೇಳಿಬಿಡುತ್ತಾನೆ ಅನ್ನುವುದು ಅವಳ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ ಬಿಡಿ.

ಗ್ಯಾಸ್ ಸಿಲಿಂಡರಿನ ಪ್ರಸಂಗವನ್ನಂತೂ ನಮ್ಮ ಬೀದಿಯವರು ಇನ್ನೂ ಮರೆತಿಲ್ಲ. ಬಂದವನು ಸಿಲಿಂಡರ್ ಇಳಿಸಿ, ಫೋನಿಗೆ ಬಂದಿರುವ ಓಟಿಪಿ ಹೇಳಿ ಅಂದ. ಓಟಿಪಿ! ಹೆತ್ತ ತಾಯಿಗೂ ಹೇಳಬಾರದು ಎಂದು ಶಿಬಿರದಲ್ಲಿ ಕಲಿತದ್ದನ್ನು ಈ ಗೇಟಿನ ಹೊರಗೆ ನಿಂತವನಿಗೆ ಹೇಳುವುದೇ? ಅದಿಲ್ಲದೆ ಸಿಲಿಂಡರ್ ಕೊಡುವ ಹಾಗಿಲ್ಲ ಎಂದು ಆತ ಬೇಡಿಕೊಂಡ. "ಹಂಗಾದ್ರೆ ವಾಪಸ್ ತಗೊಂಡೋಗಪ್ಪ. ನಂಬರ್ ಮಾತ್ರ ಹೇಳಲ್ಲ" ಅಂದಳು ದೊಡ್ಡಮ್ಮ. ಸಿಲಿಂಡರ್ ಹೊರಟೇಹೋಯಿತು. ಆ ವಾರವೆಲ್ಲ ಹಿತ್ತಲಲ್ಲಿ ಕಲ್ಲಿಟ್ಟು ತೆಂಗಿನ ಮಟ್ಟೆಯ ಉರಿಯಲ್ಲಿ ಅಡುಗೆ. ಕಣ್ಣಲ್ಲಿ ನೀರು ಸುರಿಸುತ್ತಾ ನಾನು ಮುದ್ದೆ ತೊಳಸಿದೆ. ಈ ಒಂದು ನಂಬರನ್ನು, ಸಿಲಿಂಡರ್ ಕೈಗೆ ಬಂದಮೇಲೆ, ಹೇಳಬಹುದು ಎಂದು ಅವಳನ್ನು ಒಪ್ಪಿಸುವಷ್ಟರಲ್ಲಿ ನನ್ನ ಇಂಟರ್ನಲ್ಸೇ ಮುಗಿದಿತ್ತು. ಮುಂದಿನ ಸಲ ಅವನು ಬಂದಾಗ ಗೇಟಿನ ಹತ್ತಿರ ಬಗ್ಗಲು ಹೇಳಿ ಕಿವಿಯಲ್ಲಿ ಊದಿದಳು. ಎದುರು ಮನೆಯವರು ಮಂತ್ರೋಪದೇಶ ಅಂದುಕೊಂಡರಂತೆ.

ಇನ್ನೊಮ್ಮೆ ಅಮ್ಮನ ಫೋನು ಕಲಗಚ್ಚಿನ ಬಾನಿಗೆ ಬಿತ್ತು. ಆಕೆ ಪಕ್ಕದ ಮನೆಯವರ ಫೋನಿನಿಂದ ಮಾಡಿದಳು. ಹೊಸ ನಂಬರು. ಧ್ವನಿಯನ್ನೂ ಕದಿಯುವ ಕಾಲ ಇದು ಎಂದು ಶಿಬಿರದಲ್ಲಿ ಹೇಳಿದ್ದರಲ್ಲ! ದೊಡ್ಡಮ್ಮ ಸ್ಪೀಕರ್ ಹಾಕಿ ಬಹುವಚನದಲ್ಲಿ ವಿಚಾರಣೆ ಶುರುಮಾಡಿದಳು.

"ನನ್ ತಂಗಿ ಅಂತೀರಾ, ಸರಿ. ನಿಮ್ಮ ಮುಂದಿನ ಹಲ್ಲು ಮುರಿದಿದ್ದು ಹೆಂಗೆ ಹೇಳಿ ನೋಡೋಣ."

"ನೀನೇ ಉಯ್ಯಾಲೆಯಿಂದ ದಬ್ಬಿದ್ದೆ ಕಣಕ್ಕ. ಅವ್ವಂಗೆ ಮಾತ್ರ, ಅವಳೇ ಬಿದ್ಲು ಅಂತ ಹೇಳಿದ್ದೆ."

"ಹ್ಞೂಂ, ಮಾತಾಡು" ಅಂದಳು ದೊಡ್ಡಮ್ಮ. ಆಮೇಲೆ ಸ್ಪೀಕರ್ ಆಫ್ ಮಾಡಿದಳು.

ಊರಿಗೆ ಹೋಗುವಾಗ ಫೋಟೋ ಹಾಕುವ ಹಾಗಿರಲಿಲ್ಲ, ಮನೆ ಖಾಲಿ ಇದೆ ಎಂದು ಕಳ್ಳರಿಗೆ ಡಂಗುರ ಹೊಡೆದಂತಾಗುತ್ತದೆ ಎಂದು. ಚಳಿಗಾಲದಲ್ಲಿ ಮಾರ್ಕೋನಹಳ್ಳಿ ಡ್ಯಾಮಿಗೆ ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು. ಆ ಫೋಟೋಗಳಿಗೆ ಅವಳ ಮಂಜೂರಾತಿ ಸಿಕ್ಕಿದ್ದು ಯುಗಾದಿ ಕಳೆದ ಮೇಲೆ. ಸುಡುಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡ ನನ್ನ ಸ್ಟೇಟಸ್ ನೋಡಿ ಗೆಳತಿಯರು ಜ್ವರವೇನೇ ಎಂದು ವಿಚಾರಿಸಿದರು. ಇವತ್ತಿಗೂ ಆ ಡ್ಯಾಮಿನ ಗಾಳಿ, ಬಾಳೆಲೆಯ ಮೇಲಿನ ಪುಳಿಯೋಗರೆ, ಒಂದು ಮೂಲೆಯಲ್ಲಿ ಕೂತು ನಿದ್ದೆ ಹೊಡೆದ ದೊಡ್ಡಪ್ಪ, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಅವು ನನ್ನ ಜೀವನದ ತುಂಬಾ ಒಳ್ಳೆಯ ದಿನಗಳು. ಆದರೆ ಆಗ ಜೈಲಿನಲ್ಲಿದ್ದೇನೆ ಅನ್ನಿಸುತ್ತಿತ್ತು.

ಇಷ್ಟೆಲ್ಲ ಬಿಂದಿ, ಬೀಗ, ಬಿಗಿ ಬಂದೋಬಸ್ತು ಇದ್ದೂ ಕೊನೆಯ ವರ್ಷದಲ್ಲಿ ಅದು ನಡೆದೇ ನಡೆಯಿತು. ಕಾಲೇಜ್ ಡೇ ದಿನ ಸೀರೆಯುಟ್ಟು ಎಲ್ಲರೂ ತೆಗೆಸಿಕೊಂಡಿದ್ದ ಗುಂಪು ಫೋಟೋವನ್ನು ಗೆಳತಿಯೊಬ್ಬಳು ಹಾಕಿದ್ದಳು. ಅದರಿಂದ ಯಾರೋ ನನ್ನ ಮುಖವನ್ನು ಕತ್ತರಿಸಿ, ನೋಡಬಾರದ ಇನ್ಯಾವುದೋ ಮೈಗೆ ಅಂಟಿಸಿ, ನನ್ನ ಹೆಸರಿನಲ್ಲೇ ಒಂದು ಖಾತೆ ತೆರೆದಿದ್ದರು. ಹೇಳಿದಂತೆ ಕೇಳದಿದ್ದರೆ ಇದು ನಿಮ್ಮೂರಿಗೂ ಹೋಗುತ್ತದೆ ಎಂದು ಮೆಸೇಜು. ಕಾಲೇಜಿನಿಂದ ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಅಪ್ಪ ಟ್ರಂಕು ಇಳಿಸಿ ಹೇಳಿದ ಮಾತೊಂದೇ ಕಿವಿಯಲ್ಲಿತ್ತು. ಓದು ಮುಗಿಯಿತು, ನಾಳೆಯೇ ಗುಬ್ಬಿಯ ಬಸ್ಸು ಎಂದುಕೊಂಡೆ. ಸಾಯುವ ಯೋಚನೆಯೂ ಬಂದು ಹೋಯಿತು, ಸುಳ್ಳೇಕೆ ಹೇಳಲಿ.

ದೊಡ್ಡಮ್ಮ ಜಗಲಿಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದಳು. ಅವಳ ಪ್ರಶ್ನೆಗಳಿಗೆಲ್ಲ ದಾರಿಯುದ್ದಕ್ಕೂ ಉತ್ತರ ಹೊಂದಿಸಿಕೊಂಡು ಬಂದಿದ್ದೆ. ಯಾರು, ಯಾವಾಗ, ಯಾರ ರಿಕ್ವೆಸ್ಟ್ ಒಪ್ಪಿಕೊಂಡಿದ್ದೆ, ಫೋಟೋ ಯಾಕೆ ತೆಗೆಸಿಕೊಂಡೆ, ಇದು ನೀನಲ್ಲ ಅನ್ನುವುದಕ್ಕೆ ಏನು ಸಾಕ್ಷಿ? ಸಿಲಿಂಡರಿನವನನ್ನೇ ಬಿಡದವಳು ನನ್ನನ್ನು ಬಿಡುತ್ತಾಳೆಯೇ? ನಡೆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿ, ಫೋನನ್ನು ಅವಳ ಮುಂದೆ ಹಿಡಿದೆ. "ಅದು ನಾನಲ್ಲ ದೊಡ್ಡಮ್ಮ. ನೀನೇ ನೋಡು."

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ತೆಗೆದುಕೊಂಡು ಮಗುಚಿ ನೆಲದ ಮೇಲಿಟ್ಟಳು.

"ನೋಡಲ್ಲ. ನೀನಲ್ಲ ಅಂದ್ಯಲ್ಲ, ಮುಗೀತು" ಅಂದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ಅವರೆಸಿಪ್ಪೆಯ ರಾಶಿಯ ಮೇಲೆಯೇ ಕುಸಿದು ಕೂತು ಅತ್ತೆ.

ಅತ್ತು ಮುಗಿಯುವ ತನಕ ಬೆನ್ನು ಸವರಿದಳು. ಆಮೇಲೆ, ಹೆದರಿಕೊಂಡು ಏನನ್ನೂ ಡಿಲೀಟ್ ಮಾಡಬೇಡ, ಅವನಿಗೆ ಉತ್ತರವನ್ನೂ ಕೊಡಬೇಡ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡು ಎಂದು ಹೇಳಿ, ಅಪ್ಪನಿಗೆ ತಾನೇ ಫೋನು ಮಾಡಿದಳು. ಅವನು ಆ ಕಡೆಯಿಂದ ಕೂಗಾಡುವುದು ನನಗೆ ಕೇಳಿಸುತ್ತಿತ್ತು. ಓದು ಸಾಕು, ಬೆಳಿಗ್ಗೆ ಬಂದು ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದ. ದೊಡ್ಡಮ್ಮ ಧ್ವನಿ ಏರಿಸಲಿಲ್ಲ.

"ತೋಟಕ್ಕೆ ಕಳ್ಳ ನುಗ್ಗಿದ್ರೆ ಕಳ್ಳನ್ನ ಹಿಡೀತೀಯೋ, ತೆಂಗಿನ ಮರ ಕಡೀತೀಯೋ? ಬಾ, ಆದ್ರೆ ಸ್ಟೇಷನ್ನಿಗೆ ಬರೋಕೆ ಬಾ. ಕರ್ಕೊಂಡು ಹೋಗೋಕೆ ಬರೋದಾದ್ರೆ ಬರ್ಬೇಡ."

ಬೆಳಿಗ್ಗೆ ಅಪ್ಪ ಬಂದ. ಕೈಯಲ್ಲಿ ಒಂದು ಖಾಲಿ ಚೀಲ ಇತ್ತು. ನನ್ನ ಬಟ್ಟೆ ತುಂಬುವುದಕ್ಕೇ ತಂದಿದ್ದಾನೆ ಎಂದು ಬಾಗಿಲ ಹಿಂದೆ ನಿಂತಿದ್ದೆ. ಅವನು ನನ್ನ ಮುಖ ನೋಡದೆ ಕಾಫಿ ಕುಡಿದ, ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ, "ಪರೀಕ್ಷೆ ಯಾವಾಗ?" ಅಂದ. ಮೂವರೂ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟೆವು. ಆ ಖಾತೆ ಹೋಯಿತು. ಮಾಡಿದವನು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಪರೀಕ್ಷೆ ಬರೆದೆ, ಮುಂದೆಯೂ ಓದಿದೆ, ಈಗ ಗುಬ್ಬಿಯಲ್ಲಿ ಪಾಠ ಹೇಳುತ್ತೇನೆ.

ಹೋದ ಭಾನುವಾರ ಶೆಟ್ಟಿಹಳ್ಳಿಗೆ ಹೋಗಿದ್ದೆ. ದೊಡ್ಡಮ್ಮನಿಗೆ ಈಗ ಮಂಡಿ ಪೂರ್ತಿ ಕೈಕೊಟ್ಟಿದೆ. ಎಣ್ಣೆ ಹಚ್ಚುತ್ತಾ, ಇಷ್ಟು ವರ್ಷ ಕೇಳಬೇಕೆಂದು ಕೇಳದೇ ಬಿಟ್ಟದ್ದನ್ನು ಕೇಳಿದೆ. ಎಲ್ಲದಕ್ಕೂ ಸಾಕ್ಷಿ ಕೇಳುವವಳು ಅವತ್ತು ಆ ಫೋಟೋವನ್ನು ಯಾಕೆ ನೋಡಲಿಲ್ಲ? ಅಷ್ಟೊಂದು ನಂಬಿಕೆ ಇತ್ತಾ ನನ್ನ ಮೇಲೆ?

"ನಂಬಿಕೆ ಇತ್ತು ಬುಡು, ಅದಲ್ಲ" ಅಂದಳು. "ನಾನು ಒಂದು ಸಲ ನೋಡಿದ್ದಿದ್ರೆ, ಆಮೇಲೆ ಜನ್ಮದಲ್ಲಿ ನೀನು ನನ್ ಮುಖ ನೋಡ್ತಿರ್ಲಿಲ್ಲ ಕಣೇ."