ಎರಡು ಸೀಟಿಯ ರೆಫರಿ

ದೊಡ್ಡ ಮನುಷ್ಯರ ದೊಡ್ಡತನವನ್ನು ಬೇರೆಯವರು ಹೇಳಬೇಕಂತೆ. ಅಲ್ಲಿಯವರೆಗೆ ಕಾಯಲು ನನಗೆ ಪುರುಸೊತ್ತಿಲ್ಲ, ಎಪ್ಪತ್ತು ದಾಟಿದೆ. ನಾನೇ ಹೇಳಿಬಿಡುತ್ತೇನೆ: ಹೊಸಪೇಟೆ ಸೀಮೆಯ ಏಕೈಕ ಅಂತರರಾಷ್ಟ್ರೀಯ ಫುಟ್‌ಬಾಲ್ ರೆಫರಿ ನಾನು. ಆಡಿಸಿದ್ದು ಒಂದೇ ಪಂದ್ಯ, ನಿಜ. ಆದರೆ ಒಂದು ಕಡೆ ಗಾದಿಗನೂರಿನ ಹುಡುಗರು, ಇನ್ನೊಂದು ಕಡೆ ಹಂಪಿ ನೋಡಲು ಬಂದ ಫಾರಿನ್ನಿನವರು. ಇದು ಅಂತರರಾಷ್ಟ್ರೀಯವಲ್ಲದೆ ಅಂತರತಾಲೂಕೇ?

ನನ್ನ ಅರ್ಹತೆಯೂ ಸಣ್ಣದಲ್ಲ. ಸೀಟಿ ಇದ್ದದ್ದು ನನ್ನೊಬ್ಬನ ಹತ್ತಿರ. ಕಂಡಕ್ಟರಾಗಿ ಕಂಪ್ಲಿ, ಸಂಡೂರು ಎಂದು ಜೀವಮಾನವೆಲ್ಲ ಊದಿದ ಸೀಟಿ. ಸಂಡೂರು ಘಾಟಿಯಲ್ಲಿ ಅದಿರಿನ ಲಾರಿಗಳೂ ಅದಕ್ಕೆ ಬ್ರೇಕ್ ಹಾಕುತ್ತಿದ್ದವು ಎಂದರೆ ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರೂ ನಂಬುತ್ತಾರೆ.

ಟಿ.ಬಿ. ಡ್ಯಾಂ ಕ್ವಾರ್ಟರ್ಸ್ ಪಕ್ಕದ ಬಯಲು. ಸೋತವರು ಗೆದ್ದವರಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ತಿನ್ನಿಸಬೇಕು. ಕೊನೆಯ ಗಳಿಗೆ, ಎರಡೂ ಕಡೆ ಸಮ. ಗಾದಿಗನೂರಿನ ಮಲ್ಲ ಒಬ್ಬ ಫಾರಿನ್ನಿನವನನ್ನು ದಬ್ಬಿ ಕೆಡವಿದ. ನಾನು ಊದಿದೆ. ಹಳೆಯ ಬಾಯಿ, ಹಳೆಯ ಚಾಳಿ: ಪೀ, ಪೀ! ಸೀಟಿ ಕೇಳಿ ಫಾರಿನ್ನಿನವರು ನಿಂತರು. ನನ್ನ ಬಸ್ಸಿನಲ್ಲೇ ಸ್ಕೂಲಿಗೆ ಹೋಗಿ ಬೆಳೆದ ನಮ್ಮವರು ಹೊರಟರು. ಹೊರಟವರು ಚೆಂಡನ್ನು ಗೋಲಿಗೆ ಮುಟ್ಟಿಸಿಯೇ ನಿಂತರು.

ಆ ಕಡೆಯ ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಕೂಗಾಡಿದ: ಸೀಟಿ ಊದಿದರೆ ಆಟ ನಿಲ್ಲಬೇಕು!

"ಏ, ಒಂದಕ್ಕ ನಿಲ್ಬೇಕು, ಎರಡಕ್ಕ ಹೋಗ್ಬೇಕು!" ಮಲ್ಲ ತಿರುಗಿಬಿದ್ದ. "ಇವ್ರು ಜಲ್ಮದಾಗ ಬಸ್ ಹತ್ತ್ಯಾರೋ ಇಲ್ಲೋ? ಗೋಲ್ ಕೊಡ್ರಿ ತಾತ!"

ಕೊಟ್ಟರೆ ದೇಶಕ್ಕೆ ಕೆಟ್ಟ ಹೆಸರು, ಬಿಟ್ಟರೆ ಗಾದಿಗನೂರಿಗೆ ಕಾಲಿಡುವಂತಿಲ್ಲ. ನನ್ನ ಅಂತರರಾಷ್ಟ್ರೀಯ ಬದುಕು ಮೊದಲ ದಿನವೇ ಮುಗಿಯುವ ಹಾಗಿತ್ತು. ಒಂದು ಸೀಟಿಗೆ ಇಬ್ಬರು ಜಗಳಾಡಿದಾಗ ಕಂಡಕ್ಟರು ಏನು ಮಾಡುತ್ತಾನೋ ಅದನ್ನೇ ಮಾಡಿದೆ. "ಒಂಚೂರು ಸರೀರಿ, ಅಡ್ಜಸ್ಟ್ ಮಾಡ್ಕೋರಿ," ಎಂದು ಎರಡೂ ಕಡೆಗೆ ಒಂದೊಂದು ಗೋಲು ಕೊಟ್ಟೆ!

ಆಮೇಲೆ ಎರಡು ದೇಶಗಳೂ ಒಂದಾಗಿ ತೀರ್ಮಾನಿಸಿದವು: ಯಾರೂ ಸೋತಿಲ್ಲ, ಆದ್ದರಿಂದ ಮಿರ್ಚಿಯ ಖರ್ಚು ರೆಫರಿಯದು. ಫಾರಿನ್ನಿನವರು ಖಾರಕ್ಕೆ ಕಣ್ಣೀರಿಟ್ಟರು. ನಾನು ಬೇರೆ ಕಾರಣಕ್ಕೆ.

ಮೊನ್ನೆ ಮಲ್ಲ ಮನೆಗೇ ಬಂದಿದ್ದ. "ತಾತ, ಮತ್ತೊಂದ್ ಮ್ಯಾಚ್ ಐತ್ರಿ. ನೀವು ಬರಾಕಬೇಕು. ಸೀಟಿ ಮಾತ್ರ ಮನ್ಯಾಗ ಇಟ್ಟ್ ಬರ್ರಿ."

ಒಳಗಿನಿಂದ ನನ್ನಾಕೆ, "ಅವ್ರಿಗೆ ಬೇಕಾಗಿದ್ದು ರೆಫರಿ ಅಲ್ರೀ, ಮಿರ್ಚಿ," ಎಂದಳು. ಅವಳಿಗೆ ಆಟದ ಗಂಧವಿಲ್ಲ. ಸೀಟಿಯೇ ಇಲ್ಲದೆ ಪಂದ್ಯ ಆಡಿಸುವ ರೆಫರಿಯನ್ನು ಇನ್ಯಾವ ದೇಶದಲ್ಲಾದರೂ ತೋರಿಸಿ, ನೋಡೋಣ.